ಆರೈಕೆಗೊಂದು ಸೀಲು

ಗಂಗಾಂಬಿಕೆ: ಹೋದ್ಸಲ ಬೈದಿದ್ದು ನೀವೇ ತಾನೆ ಸಾರ್? ‘ಕಾಯಿಲೆ ಅಪ್ಪನ್ನ ಒಬ್ರನ್ನೇ ಬಿಟ್ಟು ಬಂದಿದೀರಲ್ಲ, ಇದೇನಾ ನೋಡ್ಕೊಳ್ಳೋದು’ ಅಂತ? ಅದಕ್ಕೇ ಕರ್ಕೊಂಡೇ ಬಂದಿದೀನಿ.

ರಂಗನಾಥ್: ನಮ್ಮ ಆಫೀಸಿನ ಮೆಟ್ಲು ಹತ್ತಿದಾರೆ ಅಂದ್ರೆ ಗಟ್ಟಿಯಾಗೇ ಇದಾರೆ ಬಿಡಿ. ಇವ್ರನ್ನ ನೋಡ್ಕೊಳ್ಳೋಕೆ ಬೇರೆ ಒಬ್ರು ಬೇಕಾ?

ಗುಬ್ಬಿಯ ತಾಲ್ಲೂಕು ಕಚೇರಿಯ ಗುಮಾಸ್ತ ರಂಗನಾಥ್ ಅವರ ಬಾಯಿಗೆ ಸೋಲೆಂಬುದಿಲ್ಲ. ಗಂಗಾಂಬಿಕೆ ಇಲ್ಲಿಯ ಶಾಲೆಯ ಮೇಡಂ, ಕುಣಿಗಲ್‌ಗೆ ವರ್ಗವಾಗಿದೆ. ಕೈ ನಡುಕದ ಕಾಯಿಲೆಯ ತಂದೆ ಮಹಾದೇವಯ್ಯನವರನ್ನು ನೋಡಿಕೊಳ್ಳುವವಳು ತಾನೇ ಎಂಬ ಕಾಗದ ಇವತ್ತು ಸಿಕ್ಕರೆ ವರ್ಗ ನಿಲ್ಲುತ್ತದೆ. ಸಿಗದಿದ್ದರೆ ನಾಳೆ ಗಂಟುಮೂಟೆ ಕಟ್ಟಬೇಕು.

ರಂಗನಾಥ್: ಯಜಮಾನ್ರೇ, ನೀವೇ ಹೇಳಿ. ನಿಮ್ಮನ್ನ ಯಾರು ನೋಡ್ಕೊಳ್ತಾರೆ?

ಮಹಾದೇವಯ್ಯ: ನನ್ನನ್ನ ಯಾರ್ರೀ ನೋಡ್ಕೋಬೇಕು? ಮಗಳ ಮನೇಲಿ ಬಿಟ್ಟಿ ಕೂಳು ತಿನ್ನೋನಲ್ಲ ನಾನು. ಅವಳನ್ನ ನೋಡ್ಕೊಳ್ತಿರೋನೇ ನಾನು!

ಗಂಗಾಂಬಿಕೆ: ಅಪ್ಪಾಜಿ!

ಮಹಾದೇವಯ್ಯ: ಮತ್ತೆ? ಬೆಳಿಗ್ಗೆ ಹಾಲಿನವನು ಬಂದ ಅಂತ ಕೂಗೋದ್ಯಾರು?

ಗಂಗಾಂಬಿಕೆ: ನೀವೇ. ಬಾಗ್ಲು ತೆಗೆದು, ಹಾಲು ಕಾಯ್ಸಿ, ಲೋಟ ಹಿಡಿದು ಕುಡ್ಸೋದು ಮಾತ್ರ ನಾನು. ಪೂಜೆ ಹೊತ್ತಲ್ಲಿ ಲಿಂಗ ಜಾರದ ಹಾಗೆ ನಿಮ್ಮ ಅಂಗೈ ಕೆಳಗೆ ಕೈ ಕೊಡೋದೂ ನಾನೇ.

ಮಹಾದೇವಯ್ಯ: ಪೂಜೆ ಮಾಡೋನು ನಾನು ಕಣಮ್ಮ. ನೀನು ಬರೀ ಕೈ ಹಿಡ್ಕೊತೀಯ.

ರಂಗನಾಥ್: ಕೇಳುಸ್ತಾ ಮೇಡಂ? ಹಾಗಾದ್ರೆ ಕಾಗದ ಅವ್ರ ಹೆಸ್ರಿಗೇ ಕೊಡ್ಬೇಕಾಗುತ್ತೆ.

ಗಂಗಾಂಬಿಕೆ: ಕೊಟ್ಬಿಡಿ ಸಾರ್. ಶಾಲು ಹೊದ್ಸಿ, ಹಾರಾನೂ ಹಾಕ್ಬಿಡಿ. ಅಪ್ಪಾಜಿ, ನಾನು ಕುಣಿಗಲ್‌ಗೆ ಹೊರಟೆ. ಕ್ಯಾತ್ಸಂದ್ರದಿಂದ ಅಣ್ಣ ಬಂದು ನಿಮ್ಜೊತೆ ಇರ್ತಾನೆ.

ಮಹಾದೇವಯ್ಯ: ಬಸವಪ್ರಭುನಾ? ಯುಗಾದಿಗೆ ಬಂದು ನನ್ನ ಗಡ್ಡ ಕೆರೆದವ್ನು? ಗಡ್ಡ ಅಲ್ಲೇ ಇತ್ತು, ಚರ್ಮ ಕಿತ್ತು ಬಂದಿತ್ತು!

ಅವರು ಮೆಲ್ಲಗೆ ಗೋಡೆಗೊರಗಿದರು.

ಮಹಾದೇವಯ್ಯ: ಸ್ವಾಮಿ, ನಂಗೆ ಭಾಳ ಹುಷಾರಿಲ್ಲ, ಬರ್ಕೊಳಿ. ಇವಳೇ ನೋಡ್ಕೊಳೋದು.

ರಂಗನಾಥ್ ಕಾಗದ ಮುಂದಿಟ್ಟರು. ಮಹಾದೇವಯ್ಯನವರ ಬೆರಳಲ್ಲಿ ಪೆನ್ನು ಕುಣಿಯತೊಡಗಿತು. ಗಂಗಾಂಬಿಕೆ ಅಭ್ಯಾಸದಂತೆ ಅವರ ಕೈ ಹಿಡಿದಳು.

ರಂಗನಾಥ್: ಬಿಡಿ ಮೇಡಂ, ಬಿಡಿ! ಓದು ಬರೋರ ಹೆಬ್ಬೆಟ್ಟು ನಡಿಯಲ್ಲ. ಯಾರ ಸಹಾಯಾನೂ ಇಲ್ದೆ ಅವರೇ ಸಹಿ ಹಾಕ್ಬೇಕು. ರೂಲ್ಸು.

ಮಹಾದೇವಯ್ಯ: ಇವಳಿಲ್ದೆ ಸಹಿ ಹಾಕೋ ಹಂಗಿದ್ದಿದ್ರೆ ಈ ಕಾಗದ ಯಾಕ್ರೀ ಬೇಕಿತ್ತು?

ರಂಗನಾಥ್ ‘ಹಿಡ್ಕೊಳ್ಳಿ ಮೇಡಂ’ ಎಂದು ಸಹಿ ಹಾಕಿಸಿಕೊಂಡು, ಸೀಲು ಹುಡುಕಿ ಒತ್ತಿದರು. ಗಂಗಾಂಬಿಕೆಗೆ ಹೋದ ಜೀವ ಬಂದಂತಾಯಿತು. ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸಿದಳು.

ಮಹಾದೇವಯ್ಯ: ಲೇ ಗಂಗಾ, ನಾಳೆಯಿಂದ ಹಾಲಿನವನು ಬಂದ್ರೆ ನೀನೇ ಕೂಗ್ಕೋ. ನಂಗೆ ಹುಷಾರಿಲ್ಲ ಅಂತ ಸರ್ಕಾರಾನೇ ಬರ್ಕೊಟ್ಟೈತೆ!