ಡಿಗ್ರಿ ಇಳಿಸಲು ಹೊರಟ ಮೇಷ್ಟ್ರು

ಭೂಮಂಡಲವನ್ನು ಉದ್ಧಾರ ಮಾಡಲು ಹೊರಟವನಿಗೆ ಮೊದಲು ಅಡ್ಡಗಾಲು ಹಾಕುವವರು ಮನೆಯವರೇ. ಇದು ನನ್ನ ಸ್ವಂತ ಅನುಭವ.

ನಾನು ತಿಮ್ಮರಾಜು, ಚಿನಕುರಳಿಯವನು, ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಈಚೆಗೆ ಶ್ರೀರಂಗಪಟ್ಟಣದಲ್ಲಿ ಹವಾಮಾನ ಬದಲಾವಣೆ ನೀತಿಯ ಬಗ್ಗೆ ಎರಡು ದಿನ ತರಬೇತಿ ಇತ್ತು (ಊಟ ಚೆನ್ನಾಗಿತ್ತು). ಮನೆಯಲ್ಲಿ ಏನನ್ನು ಕಡಿಮೆ ಮಾಡುತ್ತೇವೆಂದು ಪ್ರತಿಯೊಬ್ಬರೂ ವೇದಿಕೆ ಹತ್ತಿ ಪ್ರತಿಜ್ಞೆ ಮಾಡಬೇಕಿತ್ತು. ಎಲ್ಲರೂ ಪ್ಲಾಸ್ಟಿಕ್ ಚೀಲ, ಬಲ್ಬು ಅಂದರು. ಹಸು ತೇಗಿದರೂ ಭೂಮಿ ಬಿಸಿಯಾಗುತ್ತದೆಂದು ಬೆಳಿಗ್ಗೆಯಷ್ಟೇ ಕಲಿತಿದ್ದ ನಾನು, ಇರುವ ಎರಡರಲ್ಲಿ ಒಂದು ಹಸುವನ್ನು ಮಾರಿಬಿಡುತ್ತೇನೆ ಎಂದು ಘೋಷಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಶನಿವಾರ ಊರಿಗೇ ಬಂದು ನೋಡುತ್ತೇವೆ ಎಂದರು ತರಬೇತಿಯ ಸಾಹೇಬರು.

ಆ ಹಸುಗಳು ನನ್ನ ಅವ್ವ ಬೆಟ್ಟಮ್ಮನವು ಎಂಬುದು ಮನೆ ಬಾಗಿಲಿಗೆ ಬಂದಾಗ ನೆನಪಾಯಿತು.

"ಕೆಂಪೀನ ಮಾರದಾ? ಅದೇನ್ಲಾ ಮಾಡ್ತು ನಿಂಗೆ?"

"ಭೂಮಿ ಒಂದೂವರೆ ಡಿಗ್ರಿಗಿಂತ ಜಾಸ್ತಿ ಏರಬಾರ್ದು ಕಣವ್ವ. ಎಲ್ರೂ ಸೇರಿ ಡಿಗ್ರಿ ಇಳಿಸ್ಬೇಕು."

"ಡಿಗ್ರಿ ಇಳುದ್ರೆ ಡೇರೀಲಿ ಹಾಲ್ನ ವಾಪಸ್ ಕಳಿಸ್ತಾರೆ ಕಣ್ಲಾ. ಓದ್ದೋನು ಆಡೋ ಮಾತಾ ಇದು?"

(ಡೇರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವುದೂ ಡಿಗ್ರಿಯಲ್ಲೇ ಎಂದು ಯಾವ ಹವಾಮಾನ ಪಂಡಿತನೂ ನನ್ನನ್ನು ಎಚ್ಚರಿಸಿರಲಿಲ್ಲ.) ಅದು ಹಾಲಿನ ಡಿಗ್ರಿ, ಇದು ಬಿಸಿಲಿನ ಡಿಗ್ರಿ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವ್ವ ಅರ್ಧದಲ್ಲೇ ಕೊಟ್ಟಿಗೆಗೆ ಎದ್ದು ಹೋದಳು. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ರಂಜಿತ ಮಾತ್ರ ಕೊನೆಯವರೆಗೂ ಕೇಳಿ, "ರೀ, ಮಾರುದ್ರೆ ಕೊಂಡ್ಕೊಂಡೋರ ಮನೇಲಿ ಅದು ತೇಗಕಿಲ್ವಾ?" ಎಂದಳು. ಇಂಥವರ ಜೊತೆ ನೀತಿ ನಿರೂಪಣೆ ಹೇಗೆ ಸಾಧ್ಯ, ನೀವೇ ಹೇಳಿ.

ಮಾರನೇ ಬೆಳಿಗ್ಗೆ ಅವ್ವ ಡೇರಿ ಸಾಲಿನಲ್ಲಿ ನಿಂತು ಗೋಳು ತೋಡಿಕೊಂಡಿದ್ದಾಳೆ. "ನಮ್ ತಿಮ್ಮ ಡಿಗ್ರಿ ಇಳಿಸ್ಬೇಕು ಅಂತ ಪಟ್ಟು ಇಡ್ದವ್ನೆ. ಎಲ್ರ ಮನೇಲೂ ಇಳಿಸ್ಬೇಕಂತೆ."

ಹಾಲಿನ ಡಿಗ್ರಿ ಇಳಿಸುವ ವಿದ್ಯೆ ಲೋಕದಲ್ಲಿ ಒಂದೇ, ನೀರು ಹೊಯ್ಯುವುದು. ಸಂಜೆಗೆ ಡೇರಿ ಸೆಕ್ರೆಟರಿ ಚಿಕ್ಕಸ್ವಾಮಿ ಮನೆಗೇ ಬಂದ.

"ಮೇಷ್ಟ್ರೇ, ನೀವೇ ಇಂಗ್ ಮಾಡುದ್ರೆ ಎಂಗೆ? ನಾಳಿಂದ ಹಸಗಳ್ನ ಡೇರಿ ಮುಂದಕ್ಕೇ ಒಡ್ಕೊಂಡ್ಬಂದು ಎಲ್ರ ಎದುರ್ಗೇ ಕರೀಬೇಕು. ಹಗ್ಗ ನೀವೇ ಇಡೀಬೇಕು."

"ಅದು ಬಿಸಿಲಿನ ಡಿಗ್ರಿ ಕಣಪ್ಪ."

"ಬಿಸ್ಲಿಗೆ ನೀರ್ ಜಾಸ್ತಿ ಬೇಕಾಯ್ತದೆ ಬುಡಿ" ಎಂದು ಹೊರಟೇಹೋದ.

ಇನ್ನು ಹಸು ಮಾರುವ ಮಾತೆಲ್ಲಿ? ಈಗ ಮಾರಿದರೆ, ನೀರು ಹೊಯ್ದದ್ದನ್ನು ಮುಚ್ಚಿಹಾಕಲು ಮಾರಿದ ಎನ್ನುತ್ತದೆ ಊರು. ಹೀಗಾಗಿ ಶನಿವಾರ ತರಬೇತಿಯವರ ಜೀಪು ಬಂದಾಗ ನಾನು ಡೇರಿ ಮುಂದೆ, ಇಡೀ ಸಾಲಿನ ಎದುರು, ಎರಡು ಕೈಯಲ್ಲಿ ಎರಡು ಹಗ್ಗ ಹಿಡಿದು ನಿಂತಿದ್ದೆ. ಅವ್ವ ಕೆಂಪಿಯ ಹಾಲು ಕರೆಯುತ್ತಿದ್ದಳು.

ಸಾಹೇಬರು ಫಾರಂ ತೆಗೆದರು. ಎರಡೂ ಹಸುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅವ್ವನನ್ನೇ ಕೇಳಿದರು. "ಅಮ್ಮಾ, ತರಬೇತಿ ಆದ್ಮೇಲೆ ನಿಮ್ಮ ಮನೇಲಿ ಏನು ಕಡಿಮೆ ಆಗಿದೆ?"

ಅವ್ವ ಕೆಚ್ಚಲಿನಿಂದ ಕೈ ತೆಗೆಯದೆ ಗದ್ದದಲ್ಲೇ ನನ್ನತ್ತ ತೋರಿಸಿದಳು.

"ಇವ್ನ ಮಾತು."

ಅವರು ಅದನ್ನೇ ಬರೆದುಕೊಂಡು ಫಾರಂ ನನ್ನ ಮುಂದೆ ಹಿಡಿದರು. ನಾನು ಎರಡೂ ಹಗ್ಗಗಳನ್ನು ಒಂದೇ ಕೈಗೆ ಬದಲಾಯಿಸಿ ಸಹಿ ಹಾಕಿದೆ.