ದಾನಿಶನ ಹೆಂಡತಿ ಫ್ಯಾಂಟೇಸಿಯಾ

ನನ್ನ ಅಕ್ಕನ ಗಂಡನಿಗೆ ದೋಹಾದಲ್ಲಿ ಇನ್ನೊಂದು ಸಂಬಂಧವಿದೆ. ಅಕ್ಕನಿಗೂ ಗೊತ್ತು. ಅದು ಹೆಂಗಸಲ್ಲ ಎಂಬ ಒಂದೇ ಕಾರಣಕ್ಕೆ ಸುಮ್ಮನಿದ್ದಾಳೆ. ಅದೊಂದು ಸಂಗೀತ. ಡೆನ್ಮಾರ್ಕ್ ದೇಶದವರೊಬ್ಬರು ನೂರೈವತ್ತು ವರ್ಷಕ್ಕೂ ಹಿಂದೆ ದೊಡ್ಡ ವಾದ್ಯಮೇಳಕ್ಕೆ ಕಟ್ಟಿದ್ದು. ಮಾತೇ ಇಲ್ಲ, ಬರೀ ವಾದ್ಯ.

ಬಾವನೂ ನಾನೂ ಏಸಿ ಮೆಕ್ಯಾನಿಕ್‌ಗಳು. ಇಬ್ಬರೂ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೆ ನಾವು ಮುಟ್ಟಿದ ಯಂತ್ರ ಎರಡನೇ ಸಲ ನಮ್ಮನ್ನು ಕರೆದದ್ದಿಲ್ಲ. ದುಖಾನ್ ಎಂಬ ಊರಿನಲ್ಲಿ ನಮ್ಮ ಏಸಿ ರಿಪೇರಿ ಮೆಚ್ಚಿ ಎಂಜಿನಿಯರೊಬ್ಬರು ಕೊಟ್ಟ ಸಿ.ಡಿ. ಅದು. ಮೇಲಿನ ಇಂಗ್ಲಿಷನ್ನು ಬಾವ ಅಕ್ಷರ ಕೂಡಿಸಿ ಓದಿದರು: ದಾನಿಶ್, ಫ್ಯಾಂಟೇಸಿಯಾ. ನಮ್ಮ ಪಿಕಪ್ಪಿನ ಪಾಕಿಸ್ತಾನಿ ಡ್ರೈವರನ ಹೆಸರೂ ದಾನಿಶ್. ಇನ್ನು ಫ್ಯಾಂಟೇಸಿಯಾ? ಊರಿನ ಇಗರ್ಜಿಯಲ್ಲಿ ಅನಸ್ತಾಸಿಯಾ ಎಂಬ ಹೆಂಗಸನ್ನು ಕಂಡವರಿಗೆ ಅನುಮಾನ ಬರುವುದುಂಟೇ?

“ಗಂಡ ಪಾಕಿಸ್ತಾನಿ, ಹೆಂಡ್ತಿ ನಮ್ಮ ಮಂಗ್ಳೂರಿನ ಕ್ರಿಶ್ಚಿಯನ್ ಮಾರಾಯ. ಜೋಡಿಯಲ್ಲಿ ಬಾರಿಸಿದ್ದು,” ಎಂದು ಬಾವ ಎರಡು ವರ್ಷ ಎಲ್ಲರಿಗೂ ಹೇಳಿದರು. ಕೊನೆಗೆ ಡ್ರೈವರನೇ, “ಭಾಯ್, ಮೇರೀ ತೋ ಶಾದೀ ಹೀ ನಹೀಂ ಹುಯೀ,” ಎಂದು ಕೈಮುಗಿದ. ಅವನಿಗೆ ಮದುವೆಯೇ ಆಗಿರಲಿಲ್ಲ. ದಾನಿಶ್ ಎಂದರೆ ಡೆನ್ಮಾರ್ಕಿನದ್ದು, ಫ್ಯಾಂಟೇಸಿಯಾ ಎಂದರೆ ಮನಸ್ಸು ಹೋದತ್ತ ಹರಿಯುವ ಸಂಗೀತ ಎಂದು ಆಫೀಸಿನ ಗುಮಾಸ್ತರು ಬಿಡಿಸಿ ಹೇಳಿದಾಗ, ಬಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ಒಳ್ಳೆಯ ಸಂಸಾರ ಮುರಿದಿತ್ತಲ್ಲ!

ಆ ಸಂಗೀತ ಮಗುವನ್ನು ಮಲಗಿಸುವಂತೆ ಮೆಲ್ಲಗೆ ಶುರುವಾಗುತ್ತದೆ. ಮೇಜಿನ ಮೇಲಿಟ್ಟು ಮೀಟುವ ತಂತಿವಾದ್ಯವೊಂದು ಒಂಟಿಯಾಗಿ ನುಡಿಯುತ್ತದೆ. ಅಷ್ಟರಲ್ಲಿ ಕನಸಿಗೆ ಮದುವೆ ದಿಬ್ಬಣ ನುಗ್ಗಿದಂತೆ ಕುಣಿತ, ಕಹಳೆ, ಡೋಲು. ಕೊನೆಗೆ ಪುನಃ ನಿದ್ದೆ. ಬಾವ ಕೆಲಸವನ್ನೂ ಇದಕ್ಕೇ ಹೊಂದಿಸಿದ್ದರು: ತಂತಿ ನುಡಿಯುವಾಗ ಗ್ಯಾಸ್ ತುಂಬುವುದು, ದಿಬ್ಬಣ ಬಂದಾಗ ಬೋಲ್ಟ್ ಬಿಗಿಯುವುದು.

“ಖಲಾಸ್ ಬಾವ, ಆಫ್ ಮಾಡಿ,” ಎಂದರೆ, “ಬಾರಿಸುವವರ ಎದುರು ಕೂತು ಒಮ್ಮೆ ಕೇಳ್ಬೇಕು. ಆಮೇಲೆ ಆಫ್,” ಎನ್ನುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ, ನಾವೇ ಏಸಿ ನೋಡಿಕೊಳ್ಳುವ ಸಭಾಂಗಣದಲ್ಲಿ ದೊಡ್ಡ ವಾದ್ಯಮೇಳವೊಂದು ಅದೇ ಸಂಗೀತವನ್ನು ನುಡಿಸುವುದೆಂದಾಯಿತು. ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಎಲ್ಲಿಂದಲೋ ಗುಂಯ್ ಎಂಬ ಶಬ್ದ. ತಂತಿಯೇ ಕೇಳಿಸದು. ಏಸಿ ಆರಿಸಿದರೆ ಜನ ಬೆಂದುಹೋಗುತ್ತಾರೆ. “ಹಾಗಾದರೆ ಇದೊಂದನ್ನು ಬಿಟ್ಟುಬಿಡೋಣ,” ಎಂದರು ಮ್ಯಾನೇಜರ್.

ಬಾವನ ಮುಖ ಸುಣ್ಣವಾಯಿತು. ಮರುಕ್ಷಣ, “ಯಲ್ಲಾ, ಬೇಗ ಬೇಗ, ಎಲ್ಲರೂ ಸುಮ್ನೆ ನಿಲ್ಲಿ. ಮೂಗು ಸಹ ಎಳೀಬೇಡಿ,” ಎಂದು ಹಿಂದಿಯಲ್ಲಿ ಅಪ್ಪಣೆ ಕೊಟ್ಟರು. ಬಾವನ ಕೈಸನ್ನೆ ನೋಡಿ ಮೇಳದವರೆಲ್ಲ ಉಸಿರು ಬಿಗಿಹಿಡಿದರು. ಬಾವ ಕಣ್ಣು ಮುಚ್ಚಿ ಆಲಿಸಿದರು, ಏಣಿ ಹತ್ತಿದರು, ಚಾವಣಿಯ ಒಂದು ಗ್ರಿಲ್ಲಿನ ಹಿಂದೆ ರಬ್ಬರ್ ಪಟ್ಟಿ ಸಿಕ್ಕಿಸಿದರು. ಶಬ್ದ ಮಾಫಿ, ಇಲ್ಲವೇ ಇಲ್ಲ. ಅಷ್ಟು ಜನ ಎಂಜಿನಿಯರುಗಳಿದ್ದರು. ಕಂಡುಹಿಡಿದದ್ದು ಮಾತ್ರ ನಮ್ಮ ಏಳನೇ ಕ್ಲಾಸು. ಮೇಳ ನಡೆಸುವವರು ಬಾವನ ಮಸಿಗೈ ಕುಲುಕಿ, ಸಂಜೆ ನಮ್ಮಿಬ್ಬರಿಗೂ ಕುರ್ಚಿ ಕೊಡಿಸಿದರು.

ಕಾರ್ಯಕ್ರಮ ಮುಗಿಯಿತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಬಾವ ಮಾತ್ರ ಚಾವಣಿ ನೋಡುತ್ತ ಕೂತಿದ್ದರು.

“ಹೇಗಿತ್ತು ಬಾವ?”

“ಗೊತ್ತಿಲ್ಲ ಮಾರಾಯ. ಗ್ರಿಲ್ಲು ಪುನಃ ಶಬ್ದ ಮಾಡ್ತದಾ ಅಂತ್ಲೇ ಕೇಳ್ತಾ ಕೂತೆ. ಸಂಗೀತ ಕಿವಿಗೆ ಹೋಗ್ಲೇ ಇಲ್ಲ.”

ನಾನು ಕೇಳಿದ್ದೆ, ಪೂರ್ತಿ. ಬಿನ್ ಒಮ್ರಾನ್ ಬಡಾವಣೆಯ ನಮ್ಮ ರೂಮು ತಲುಪುವವರೆಗೂ ಎದುರು ಕೂತು ಕೇಳಿದ್ದನ್ನೆಲ್ಲ ಬಾಯಲ್ಲೇ ನುಡಿಸಿ ತೋರಿಸಿದೆ. ತಂತಿಯ ಜಾಗದಲ್ಲಿ ನನ್ನ ಗಂಟಲು ಒಡೆಯಿತು. ಬಾವ ಕಣ್ಣು ಮುಚ್ಚಿಕೊಂಡೇ, “ಮೆಲ್ಲ,” ಎಂದರು. “ಅವಸರ ಇಲ್ಲ, ಮೆಲ್ಲ.”