ಕಡೆಯ ಪಾಯಿಂಟು

ಇಷ್ಟೆಲ್ಲ ಆದದ್ದು ಎರಡು ಕುರ್ಚಿಯಿಂದ. ಕಾರ್ಯದರ್ಶಿಗಳು ಅವನ್ನು ಕೊಡದೇ ಇದ್ದಿದ್ದರೆ ಮಣ್ಣಣ್ಣ ಎಂದಿನಂತೆ ಗ್ಯಾಲರಿಯ ಹಿಂದೆ ನೆಮ್ಮದಿಯಾಗಿ ನಿಂತಿರುತ್ತಿದ್ದ.

ಟೆನಿಸ್ ಕ್ಲಬ್ಬಿನ ಕೆಮ್ಮಣ್ಣಿನ ಅಂಗಳ ನೋಡಿಕೊಳ್ಳುವವನಿಗೆ ಆಟಗಾರರು ಇಟ್ಟ ಹೆಸರು ಮಣ್ಣಣ್ಣ. ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ಅವನು ಮಣ್ಣು ಮುಟ್ಟಿ ದೇವರನ್ನು ನೆನೆಯುತ್ತಾನೆ. ಆಮೇಲೆ ನೀರು ಚಿಮುಕಿಸಿ, ಮಣ್ಣು ಸಮ ಮಾಡುವ ಅಗಲವಾದ ಬಲೆಯನ್ನು ಬೆನ್ನ ಹಿಂದೆ ಎಳೆದುಕೊಂಡು ಸುತ್ತು ಬರುತ್ತಾನೆ. ಅವನು ಮುಗಿಸಿದ ಮೇಲೆ ಅಂಗಳ ಆಗತಾನೇ ನಿದ್ದೆ ಹೋದ ಮಗುವಿನ ಕೆನ್ನೆಯ ಹಾಗಿರುತ್ತದೆ. ಕಾಲಿಡುವುದಕ್ಕೆ ಆಟಗಾರರೇ ಅಳುಕುತ್ತಾರೆ.

ವರ್ಷಕ್ಕೊಮ್ಮೆ ಸುತ್ತಲಿನ ಪ್ರಾಂತಗಳ ವೃತ್ತಿಪರ ಆಟಗಾರರು, ಗಂಡಸರೂ ಹೆಂಗಸರೂ, ಬಂದು ವಾರವಿಡೀ ಆಡುವ ಟೂರ್ನಿ ಅಲ್ಲಿ ನಡೆಯುತ್ತದೆ. ಆದರೆ ಮಣ್ಣಣ್ಣ ಒಂದು ಫೈನಲ್ಲಿನ ಕಡೆಯ ಪಾಯಿಂಟನ್ನೂ ಕಂಡವನಲ್ಲ. ಆಟ ಮುಗಿಯುವ ಹೊತ್ತಿಗೆ ಅವನು ಬಲೆ ಹಿಡಿದು ಗ್ಯಾಲರಿಯ ಹಿಂದಿನ ಓಣಿಯಲ್ಲಿ ಸಿದ್ಧವಾಗಿರಬೇಕು. ಅಲ್ಲಿಂದ ಕಾಣುವುದು ನೀರಿನ ತೊಟ್ಟಿ, ಮತ್ತು ಅಂಪೈರ್ ಸಾಹೇಬರ ಬೋಳುತಲೆಯ ಹಿಂಭಾಗ. ಮನೆಗೆ ಹೋದರೆ ಹೆಂಡತಿ, "ಹೇಗೆ ಗೆದ್ರು?" ಎಂದು ಕೇಳುತ್ತಾಳೆ. ಕೇಳಿಸಿದ್ದು ಚಪ್ಪಾಳೆ ಮಾತ್ರ. ಹಾಗಾಗಿ ಅವನು, "ಜೋರಾಗಿ ಗೆದ್ರು" ಎನ್ನುತ್ತಾನೆ.

ಈ ಸಲ ಫೈನಲ್ಲಿನ ದಿನ ಬೆಳಗ್ಗೆ ಕಾರ್ಯದರ್ಶಿಗಳು ಅವನನ್ನು ಕರೆದರು.

"ಮಣ್ಣಣ್ಣ, ಬರೋ ವರ್ಷ ಈ ಅಂಗಳಕ್ಕೆ ನೀಲಿ ಸಿಮೆಂಟು ಹಾಕಿಸ್ತೀವಿ. ನೀರು, ಬಲೆ ಯಾವ ತಾಪತ್ರಯಾನೂ ಇರಲ್ಲ. ಇವತ್ತೊಂದು ದಿನ ಹೆಂಡ್ತೀನ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತ್ಕೊ. ನಿನ್ನ ಕೆಲಸಾನ ನನ್ನ ಭಾವಮೈದ ನೋಡ್ಕೋತಾನೆ."

ಮಣ್ಣಣ್ಣನಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ. ಮಣ್ಣಿಗೆ ಇದೇ ಕಡೆಯ ವರ್ಷ. ಕಡೆಯ ಪಾಯಿಂಟನ್ನು ಇವತ್ತು ಕಾಣದಿದ್ದರೆ ಇನ್ನೆಂದೂ ಇಲ್ಲ.

ಬೆಳಗಿನ ಗಂಡಸರ ಫೈನಲ್ ಕೈತಪ್ಪಿತು. ಆಟ ಕೊನೆಗೆ ಬಂದಾಗ ಭಾವಮೈದ ನಲ್ಲಿಯನ್ನು ತಿರುಗಿಸಬಾರದ ಕಡೆಗೆ ತಿರುಗಿಸಿದ. ಪೈಪು ಬಾಯಿ ಕಳಚಿಕೊಂಡು ಹೆಡೆಯೆತ್ತಿ ಕುಣಿಯತೊಡಗಿತು. ಮಣ್ಣಣ್ಣ ಓಡಿ ಅದರ ಕತ್ತು ಹಿಸುಕುವಷ್ಟರಲ್ಲಿ ಅತ್ತ ಚಪ್ಪಾಳೆ ಬಿತ್ತು.

"ಹೋಗ್ಲಿ ಬಿಡಿ, ಮಧ್ಯಾಹ್ನ ಹೆಂಗಸರದ್ದಿದೆಯಲ್ಲ" ಎಂದಳು ಹೆಂಡತಿ. ಒದ್ದೆ ಅಂಗಿ ಬಿಚ್ಚಿಸಿ, ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಡಿಸಿದಳು. "ಈ ಸಲ ಭೂಮಿ ಬಾಯ್ಬಿಟ್ರೂ ನೀವು ಕುರ್ಚಿ ಬಿಟ್ಟು ಏಳಕೂಡದು. ದೇವರಾಣೆ."

ಹೆಂಗಸರ ಫೈನಲ್ ಉದ್ದ ಜಡೆಯವಳಿಗೂ ಎಡಗೈಯವಳಿಗೂ. ಮೊದಲ ಸೆಟ್ ಮುಗಿಯಿತು. ಭಾವಮೈದ ಬಲೆ ಹಿಡಿದು ಬಂದವನೇ ಅಂಗಳದ ನಟ್ಟನಡುವೆ ನೇರ ಎಳೆದುಕೊಂಡು ಹೋದ, ಊಟದ ಎಲೆಯ ಮಧ್ಯ ಮಾತ್ರ ಒರೆಸುವವನ ಹಾಗೆ.

"ಅಯ್ಯೋ, ಅಂಚು! ಅಂಚಿಂದ ಸುತ್ತು ಬಾರಯ್ಯ!" ಎಂದು ಮಣ್ಣಣ್ಣ ಅರ್ಧ ಎದ್ದ. ಹೆಂಡತಿ ಅಂಗಿಯ ತುದಿ ಹಿಡಿದು ಕೂರಿಸಿದಳು.

ಹಿಂದಿನ ಸಾಲಿನ ನಿವೃತ್ತ ಗಣಿತದ ಮೇಷ್ಟ್ರು ಕೆಮ್ಮಿದರು. "ನೀವು ಹೀಗೆ ಎದ್ದು ಕೂರ್ತಿದ್ರೆ ನನಗೆ ಕಾಣೋದು ಅರ್ಧ ಆಟ. ಅರ್ಧ ನಿಮ್ಮ ಬೆನ್ನು."

ಎರಡನೇ ಸೆಟ್ಟಿನಲ್ಲಿ ಗೆರೆಗೆಂದು ನೆಲಕ್ಕೆ ಬಡಿದ ಬಿಳಿ ಪಟ್ಟಿಯ ಮೊಳೆಯೊಂದು ಮೇಲೆದ್ದಿತು. ಭಾವಮೈದ ಸುತ್ತಿಗೆ ಹುಡುಕಲು ಹೋಗಿ ಕ್ಯಾಂಟೀನಿನಿಂದ ಸೌಟು ತಂದ. ಮಣ್ಣಣ್ಣ ತಡೆಯಲಾರದೆ ಬೇಲಿ ಹಾರಿ, ಕಲ್ಲಿನಿಂದ ಮೊಳೆ ಬಡಿದು, ಹಾರಿಯೇ ಬಂದು ಕೂತ.

"ಆಣೆ ಏನಾಯ್ತು?"

"ಭೂಮಿ ಬಾಯ್ಬಿಟ್ರೆ ತಾನೇ ನೀನು ಹೇಳಿದ್ದು? ಇದು ಬರೀ ಮೊಳೆ."

ಮೂರನೇ ಸೆಟ್. ಉದ್ದ ಜಡೆಯವಳು ಗೆಲ್ಲಲು ಇನ್ನೊಂದೇ ಪಾಯಿಂಟ್. ಗ್ಯಾಲರಿ ಉಸಿರು ಬಿಗಿಹಿಡಿಯಿತು. ಮಣ್ಣಣ್ಣ ಎರಡು ಕೈಗಳನ್ನೂ ತೊಡೆಯಡಿ ಇಟ್ಟುಕೊಂಡು, ಕಣ್ಣು ಮಿಟುಕಿಸದೆ ನೋಡಿದ. ಚೆಂಡು ಹೋಯಿತು, ಬಂತು, ಹೋಯಿತು.

ಆಗ ಅವನ ಕಣ್ಣಿಗೆ ಅಂಗಳದ ಆಚೆಯ ಮೂಲೆಯಲ್ಲಿ ಅದು ಬಿತ್ತು: ಒಂದು ಚಪ್ಪಲಿಯ ಗುರುತು. ಹಿಮ್ಮಡಿ, ಅಂಗಾಲು, ಹೆಬ್ಬೆರಳಿನ ಒತ್ತು, ಎಲ್ಲ ಸ್ಪಷ್ಟ. ಭಾವಮೈದನದೇ. ಹನ್ನೊಂದು ವರ್ಷದಲ್ಲಿ ಆ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಇಳಿದವರಿರಲಿಲ್ಲ.

"ಔಟ್!" ಎಂದು ಗೆರೆ ಕಾಯುವವನು ಕೂಗಿದ.

ಉದ್ದ ಜಡೆಯವಳು ಕೈಯೆತ್ತಿದಳು. "ಇಲ್ಲ ಸಾರ್, ಗೆರೆ ಮೇಲೇ ಬಿತ್ತು. ಗುರುತು ನೋಡಿ!"

ಮಣ್ಣಿನ ಅಂಗಳದಲ್ಲಿ ಬಿದ್ದ ಚೆಂಡು ಸಾಕ್ಷಿ ಬಿಟ್ಟೇ ಹೋಗುತ್ತದೆ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು ನೋಡಿದರೆ ಅಲ್ಲಿ ಮೂರು ಗುರುತು. ಭಾವಮೈದ ಅಂಚು ಗುಡಿಸಿರಲೇ ಇಲ್ಲವಲ್ಲ! ಉದ್ದ ಜಡೆಯವಳು ಒಂದನ್ನು ತೋರಿಸಿದಳು, ಎಡಗೈಯವಳು ಇನ್ನೊಂದನ್ನು. ಮೂರನೆಯದಕ್ಕೆ ದಿಕ್ಕಿರಲಿಲ್ಲ.

"ಮಣ್ಣಣ್ಣನ್ನ ಕೇಳಿ ಸಾರ್" ಎಂದಳು ಎಡಗೈಯವಳು. "ಅವರು ಹೇಳಿದ್ರೆ ನಾನು ಒಪ್ತೀನಿ." ಉದ್ದ ಜಡೆಯವಳೂ ತಲೆಯಾಡಿಸಿದಳು.

"ಇದು ನಿಯಮದಲ್ಲಿಲ್ಲ!" ಎಂದರು ಮೇಷ್ಟ್ರು. ಯಾರೂ ಅವರನ್ನು ಕೇಳಿರಲಿಲ್ಲ.

ಮಣ್ಣಣ್ಣ ಹೆಂಡತಿಯ ಮುಖ ನೋಡಿದ. "ಹೋಗಿ, ಇದು ಭೂಮಿ ಬಾಯ್ಬಿಟ್ಟ ಲೆಕ್ಕವೇ" ಎಂದಳು.

ಅವನು ಗೆರೆಯ ಪಕ್ಕ ಮಂಡಿಯೂರಿ ಕೂತ. ಎರಡು ಗುರುತುಗಳ ಅಂಚು ಒಣಗಿ, ಗಾಳಿಗೆ ಪುಡಿ ಕೂತಿತ್ತು. ಮೂರನೆಯದು ಹಸಿ; ಬೆಳಗ್ಗೆ ಅವನೇ ಕುಡಿಸಿದ ನೀರು ಒಳಗಿನ ಕೆಂಪಿನಲ್ಲಿ ಇನ್ನೂ ತಣ್ಣಗಿತ್ತು. ಆ ಹಸಿ ಗುರುತು ಬಿಳಿ ಪಟ್ಟಿಯನ್ನು ಉಗುರಿನಷ್ಟು ಮುಟ್ಟಿತ್ತು.

ಆಗಲೇ ಅವನಿಗೆ ಹೊಳೆದದ್ದು. ಗೆರೆ ಮುಟ್ಟಿದೆ ಎಂದರೆ ಆಟ ಮುಗಿಯಿತು. ಎಂದರೆ ಕಡೆಯ ಪಾಯಿಂಟು ಆಗಿಹೋಯಿತು, ತಾನು ಚಪ್ಪಲಿಯ ಗುರುತು ನೋಡುತ್ತಿದ್ದಾಗ! ಮುಟ್ಟಿಲ್ಲ ಎಂದರೋ, ಆಟ ಮುಂದುವರಿಯುತ್ತದೆ. ಕಣ್ಣರಳಿಸಿ ಕೂತು ಕಡೆಯದನ್ನು ಕಾಣಬಹುದು. ಉಗುರಿನಷ್ಟು ಜಾಗ. ಯಾರಿಗೆ ತಿಳಿದೀತು?

ಅವನ ಅಂಗೈ ಮಣ್ಣಿನ ಮೇಲೆಯೇ ಇತ್ತು. ದಿನಾ ಬೆಳಗ್ಗೆ ದೇವರನ್ನು ನೆನೆಯುವಾಗ ಇರುವ ಹಾಗೆಯೇ.

"ಗೆರೆ ಮುಟ್ಟಿದೆ ಸಾರ್" ಎಂದ. "ಆಟ ಮುಗೀತು."

ಚಪ್ಪಾಳೆ ಮುಗಿಲು ಮುಟ್ಟಿತು. ಜೀವನದಲ್ಲಿ ಮೊದಲ ಸಲ ಅವನು ಅದನ್ನು ಎದುರಿನಿಂದ ಕೇಳಿದ. ಸೋತವಳು ಅವನ ಕೈಕುಲುಕಿದಳು. ಗೆದ್ದವಳು ಸಂತೋಷಕ್ಕೆ ಮಣ್ಣಿನಲ್ಲಿ ಹೊರಳಾಡಿ, ಎದ್ದು ಬಂದು ಅವನನ್ನು ತಬ್ಬಿಕೊಂಡಳು. ಮದುವೆಯ ಅಂಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಕಾರ್ಯದರ್ಶಿಗಳು ಮೈಕು ಕಸಿದುಕೊಂಡರು. "ಸಿಮೆಂಟು ಇಂಥ ಸಾಕ್ಷಿ ಹೇಳುತ್ತಾ? ಈ ಮಣ್ಣು ಇಲ್ಲೇ ಇರುತ್ತೆ! ಮಣ್ಣಣ್ಣಾನೂ!"

ಮಣ್ಣಣ್ಣನ ಕಣ್ಣು ತುಂಬಿ ಬಂತು. "ಹಾಗಾದ್ರೆ ಬರೋ ವರ್ಷಾನೂ ಆ ಎರಡು ಕುರ್ಚಿ..." ಎಂದು ಮೆಲ್ಲಗೆ ಕೇಳಿದ.

"ಕುರ್ಚಿನಾ? ನೀನು ಕುರ್ಚೀಲಿ ಕೂತಿದ್ದಕ್ಕೇ ಅಲ್ವೇನಯ್ಯಾ ಇವತ್ತು ಇಷ್ಟೆಲ್ಲ ಆಗಿದ್ದು! ಬಲೆ ಹಿಡ್ಕೊಂಡು ಆ ಓಣಿ ಬಿಟ್ಟು ಅಲ್ಲಾಡಬೇಡ."

ಸಂಜೆ ಇಬ್ಬರೂ ಮನೆಯ ಕಡೆ ನಡೆದರು. ದಾರಿಯಲ್ಲಿ ಮಣ್ಣಣ್ಣ ಕೇಳಿದ:

"ಅಲ್ಲ ಕಣೇ, ಆ ಕಡೇ ಪಾಯಿಂಟು... ನೀನಾದ್ರೂ ನೋಡಿದ್ಯಲ್ಲ, ಹೇಗೆ ಹೊಡೆದ್ಲು ಹೇಳು."

ಹೆಂಡತಿ ಅವನ ಬೆನ್ನಿನ ಮಣ್ಣು ಕೊಡವಿದಳು.

"ನಾನೆಲ್ಲಿ ನೋಡಿದೆ? ನೀವು ಎಲ್ಲಿ ಎದ್ದುಬಿಡ್ತೀರೋ ಅಂತ ನಿಮ್ಮ ಮುಖಾನೇ ಕಾಯ್ತಾ ಕೂತಿದ್ದೆ. ಆದ್ರೂ ಚಪ್ಪಾಳೆ ಕೇಳಿದ್ರೆ ಗೊತ್ತಾಗಲ್ವೇ? ಜೋರಾಗೇ ಗೆದ್ಲು."